ಮೊದಲ ಹವಳದ ತೊಟ್ಟಿ: 50 ಲೀಟರೋ, 200 ಲೀಟರೋ?

ಮೈಸೂರಿನಲ್ಲಿ ಮೊದಲ ಬಾರಿಗೆ ಉಪ್ಪುನೀರಿನ ಹವಳದ ಅಕ್ವೇರಿಯಂ ಇಡಬಯಸುವವರಿಗೆ 50 ಲೀಟರಿನ ತೊಟ್ಟಿ ಅಗ್ಗವೆನಿಸಿದರೂ, ಜಾಗವಿದ್ದರೆ ನಾನು 200 ಲೀಟರಿನದನ್ನೇ ಸೂಚಿಸುತ್ತೇನೆ. ನೀರು ಆವಿಯಾದಾಗ ಉಪ್ಪು ಉಳಿಯುವುದರಿಂದ, ಒಂದು ಲೀಟರ್ ಕಡಿಮೆಯಾದರೆ ಚಿಕ್ಕದರಲ್ಲಿ ಲವಣಾಂಶ ಸುಮಾರು ಶೇ 2ರಷ್ಟು, ದೊಡ್ಡದರಲ್ಲಿ ಶೇ 0.5ರಷ್ಟು ಮಾತ್ರ ಏರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕರೆಂಟು ಹೋದಾಗಲೂ ದೊಡ್ಡ ತೊಟ್ಟಿಯೇ ನಿಧಾನವಾಗಿ ಬಿಸಿಯಾಗುತ್ತದೆ. ಆದರೆ ಲೀಟರಿಗೆ 35 ಗ್ರಾಂನಂತೆ ಅದಕ್ಕೆ ಆರಂಭದಲ್ಲೇ 7 ಕಿಲೋ ಸಮುದ್ರ ಲವಣ ಬೇಕು. ಕಲ್ಲು, ಗಾಜು, ಸ್ಟ್ಯಾಂಡ್ ಸೇರಿದ ಭಾರವನ್ನು ಮಹಡಿಯ ನೆಲ ತಾಳಬೇಕು.

ಎರಡಕ್ಕೂ ಕಾವೇರಿಯ ನಲ್ಲಿ ನೀರಾಗಲಿ, ಬೋರ್‌ವೆಲ್ ನೀರಾಗಲಿ ನೇರವಾಗಿ ಸಲ್ಲದು, ಶುದ್ಧ ಆರ್‌ಓ ನೀರೇ ಬೇಕು. ಭಾರತದಲ್ಲಿ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸಮುದ್ರದಿಂದ ಕಿತ್ತು ತಂದದ್ದನ್ನು ಯಾವ ಗಾತ್ರದ ತೊಟ್ಟಿಗೂ ಕೊಳ್ಳಬೇಡಿ.