ಬಿಡದ ಬೆನ್ನುನೋವಿಗೆ ಎಂಟು ವಾರದ ಗುಂಪು ಚಿಕಿತ್ಸೆ: ಸೇರುವ ಮುನ್ನ

ಮೂರು ತಿಂಗಳು ದಾಟಿದ ನೋವಿಗೆ ಮನೋಚಿಕಿತ್ಸೆ ಎಂದಾಕ್ಷಣ ‘ಹಾಗಾದರೆ ನನ್ನ ನೋವು ಸುಳ್ಳಾ?’ ಎಂದು ನೊಂದುಕೊಳ್ಳುವವರು ಬಹಳ. ಖಂಡಿತ ಸುಳ್ಳಲ್ಲ. ಆದರೆ ಇಲ್ಲಿ ಲೆಕ್ಕಕ್ಕೆ ಬರುವುದು ನೋವಿದ್ದೂ ಎಷ್ಟು ನಡೆಯುತ್ತೀರಿ, ಎಷ್ಟು ಹೊತ್ತು ಕೂರುತ್ತೀರಿ ಎಂಬುದು. ನೋವು ಪೂರ್ತಿ ಹೋಗಲೆಂದು ಬಂದರೆ ನಿರಾಸೆಯೇ.

ಮುಖ್ಯವಾಗಿ ಎರಡು ಬಗೆ: ನೋವಿನ ಬಗೆಗಿನ ಯೋಚನೆ, ನಡವಳಿಕೆ ಬದಲಿಸಿಕೊಳ್ಳಲು ಕಲಿಸುವ ಸಿಬಿಟಿ, ಮತ್ತು ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರುಮಾಡಿದ, ಧ್ಯಾನ ಆಧಾರಿತ ಎಂಬಿಎಸ್‌ಆರ್. ವಾರಕ್ಕೊಂದು ತರಗತಿ, ಎರಡು–ಎರಡೂವರೆ ಗಂಟೆ. ಹಳೆಯ ಸೊಂಟನೋವಿನ 342 ಜನರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಆರು ತಿಂಗಳ ಹೊತ್ತಿಗೆ ಓಡಾಟ, ಕೆಲಸಗಳು ಎದ್ದುಕಾಣುವಷ್ಟು ಸುಧಾರಿಸಿದ್ದು ಎಂಬಿಎಸ್‌ಆರ್‌ನಲ್ಲಿ ಶೇ. 61, ಸಿಬಿಟಿಯಲ್ಲಿ ಶೇ. 58, ಮಾಮೂಲಿ ಚಿಕಿತ್ಸೆಯಲ್ಲಿ ಶೇ. 44 ಮಂದಿಗೆ. ಆದರೆ ಎಂಟರಲ್ಲಿ ಆರು ತರಗತಿಗಾದರೂ ಬಂದವರು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಹಾಗಾಗಿ ಯಾವ ಬಗೆ ಎಂದು ತಲೆಕೆಡಿಸಿಕೊಳ್ಳುವುದಕ್ಕಿಂತ ತಪ್ಪದೆ ಹೋಗಬಹುದಾದ ಜಾಗ, ಸಮಯ ನೋಡಿಕೊಳ್ಳಿ.

ಸಿಬಿಟಿ ಗುಂಪಿನಲ್ಲಿ ಕಲಿಯುವುದರಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅಳತೆಯಿಟ್ಟು ಕೆಲಸ ಮಾಡುವುದು. ನೋವು ಏರುವ ತನಕ ಎಷ್ಟು ನಿಮಿಷ ನಡೆದಿರೆಂದು ಮೂರು ದಿನ ಬರೆದಿಡಿ. 8, 14, 8 ಬಂತೆನ್ನಿ, ಸರಾಸರಿ 10. ಅದರಲ್ಲಿ ಐದನೇ ಒಂದು ಪಾಲು ಕಳೆದು 8 ನಿಮಿಷದಿಂದ ಶುರುಮಾಡಿ, ವಾರಕ್ಕೊಂದು ನಿಮಿಷ ಏರಿಸಿ. ಕೆಡುವುದು ನೋವು ಕಮ್ಮಿಯಿದ್ದ ದಿನವೇ: ಮನೆಯೆಲ್ಲ ಒರೆಸಿ, ಹೊದಿಕೆ ಒಗೆದು, ಮರುದಿನ ಹಾಸಿಗೆ ಹಿಡಿಯುತ್ತಾರೆ. ಆವತ್ತೂ ಎಂಟಕ್ಕೇ ನಿಲ್ಲಬೇಕು. ವೈದ್ಯರು ಹೇಳಿದರೆ ಕಿವಿಗೆ ಹೋಗದ ಈ ಮಾತು, ಅದೇ ತಪ್ಪು ಮಾಡಿದ ಪಕ್ಕದ ಕುರ್ಚಿಯವರು ಹೇಳಿದರೆ ನಾಟುತ್ತದೆ. ಗುಂಪಿನ ಲಾಭ ಇರುವುದೇ ಇಲ್ಲಿ.

ಎಂಬಿಎಸ್‌ಆರ್‌ನಲ್ಲಿ ಮಲಗಿ ಕಾಲ್ಬೆರಳಿಂದ ನೆತ್ತಿಯವರೆಗೆ ಗಮನ ಹರಿಸುವ 45 ನಿಮಿಷದ ಅಭ್ಯಾಸವಿದೆ. ಮೊದಮೊದಲು ನೋವು ಜಾಸ್ತಿಯಾದಂತೆ ಅನ್ನಿಸಬಹುದು, ನಿದ್ದೆಯೂ ಎಳೆಯಬಹುದು. ಮೊದಲ ದಿನವೇ ಇದನ್ನು ಹೇಳದಿದ್ದರೆ ಜನ ಹೆದರಿ ಬಿಟ್ಟುಹೋಗುತ್ತಾರೆ. ಮಂಡಿಯಡಿ ದಿಂಬಿಟ್ಟು 15 ನಿಮಿಷದಿಂದ ಶುರುಮಾಡಿದರೂ ನಡೆಯುತ್ತದೆ.

ದುಡ್ಡು ಕಟ್ಟುವ ಮುನ್ನ ಕೇಳಿ: ನಡುವೆ ಎದ್ದು ನಿಲ್ಲಬಹುದೇ? ಮಲಗಲು ಚಾಪೆಯಿದೆಯೇ? ಹತ್ತು–ಹನ್ನೆರಡು ಜನರೊಳಗೇ ಇರುತ್ತದೆಯೇ? ಸ್ಕ್ಯಾನ್ ರಿಪೋರ್ಟುಗಳ ಚರ್ಚೆಯಲ್ಲೇ ಹೊತ್ತು ಕಳೆಯುವ ಗುಂಪು ಬೇಡ. ಇನ್ನು, ಹೊಸದಾಗಿ ಕಾಲು ಜೋಮು ಹಿಡಿದಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದ್ದರಂತೂ ಅಂದೇ ಆಸ್ಪತ್ರೆಗೆ ಹೋಗಿ.