ಆರ್ಕೆಸ್ಟ್ರಾ ಅಂದ್ರೆ ಕುಣಿಯುವ ಜಾಗ: ಪದಗಳ ಬೇರು ತೋರಿಸುವ ಒಂದು ಸೈಟ್

ಸಂಗೀತ, ನೃತ್ಯದ ಬಗ್ಗೆ ಇಂಗ್ಲಿಷ್‌ನಲ್ಲಿ ಓದುವವರು ಆನ್‌ಲೈನ್ ಎಟಿಮಾಲಜಿ ಡಿಕ್ಷನರಿಯನ್ನು ಒಮ್ಮೆ ತೆರೆದು ನೋಡಲೇಬೇಕು. ಡಗ್ಲಸ್ ಹಾರ್ಪರ್ ಕಟ್ಟಿದ ಸೈಟ್ ಇದು, ಓದೋದಕ್ಕೆ ದುಡ್ಡು ಕೊಡಬೇಕಿಲ್ಲ. ನಾನು ಹೋಗಿದ್ದು 'ಕೊರಿಯೋಗ್ರಫಿ' ಎನ್ನುವ ಒಂದೇ ಪದಕ್ಕೆ. ಕೂತಿದ್ದು ಇಡೀ ಸಂಜೆ.

ಗ್ರೀಕ್‌ನಲ್ಲಿ ಖೊರೇಯಾ ಅಂದ್ರೆ ಕುಣಿತ, ಗ್ರಾಫೀನ್ ಅಂದ್ರೆ ಬರೆಯುವುದು. ಅಲ್ಲಿಗೆ, ಈ ಪದ ಹುಟ್ಟಿದ್ದು ಕುಣಿತ ಕಟ್ಟುವುದಕ್ಕಲ್ಲ, ಅದನ್ನು ಕಾಗದದ ಮೇಲೆ ಬರೆದಿಡುವುದಕ್ಕೆ. 1700ರಲ್ಲಿ ಪ್ಯಾರಿಸ್‌ನಲ್ಲಿ ಫೊಯೆ ಎಂಬಾತ ಇದೇ ಹೆಸರಿನ ಪುಸ್ತಕ ತಂದಾಗ ಅದರಲ್ಲಿದ್ದದ್ದು ಹೆಜ್ಜೆಗಳನ್ನು ಗೆರೆ, ಗುರುತುಗಳಲ್ಲಿ ದಾಖಲಿಸುವ ವಿಧಾನ. ಹಳೆಯ ಬರಹಗಳಲ್ಲಿ ಈ ಪದ ಬಂದಾಗೆಲ್ಲ ಈಗ ನಾನು ಒಂದು ಕ್ಷಣ ನಿಲ್ಲುತ್ತೇನೆ.

ಆದರೆ ನನಗೆ ನಿಜವಾಗಿ ರೋಮಾಂಚನವಾಗಿದ್ದು 'ಆರ್ಕೆಸ್ಟ್ರಾ' ನೋಡಿದಾಗ. ಗ್ರೀಕ್ ರಂಗದ ಮುಂದೆ ಮೇಳದವರು ಕುಣಿಯುತ್ತಿದ್ದ ಜಾಗದ ಹೆಸರದು, ಅದರ ಬೇರಿನಲ್ಲಿರುವ ಕ್ರಿಯಾಪದವೇ 'ಕುಣಿ'. ವಾದ್ಯಗಾರರು ಆ ಹೆಸರಿಗೆ ಬಂದಿದ್ದು ಎಷ್ಟೋ ಶತಮಾನಗಳ ನಂತರ. 'ಕೋರಸ್' ಕೂಡ ಹಾಗೇ, ಬರೀ ಹಾಡುವವರಲ್ಲ, ಕುಣಿಯುತ್ತಾ ಹಾಡುವವರು. 'ಬ್ಯಾಲಡ್' (ಕಥೆ ಹೇಳುವ ಹಾಡು) ಮತ್ತು 'ಬ್ಯಾಲೆ' ಎರಡೂ ಕುಣಿತ ಎನ್ನುವ ಒಂದೇ ಲ್ಯಾಟಿನ್ ಬೇರಿನವು. ಈಗ ನಾವು ಸಂಗೀತದ್ದು ಅಂತ ಬೇರೆ ಇಟ್ಟಿರುವ ಪದಗಳ ಒಳಗೆಲ್ಲ ಕಾಲುಗಳಿವೆ, ಅಲ್ವಾ!

'ಡಾನ್ಸ್' ಪದ ಹಳೆಯ ಫ್ರೆಂಚ್‌ನಿಂದ ಬಂತು ಅಂತ ಹೇಳಿ, ಅದರಾಚೆಗಿನ ಮೂಲ ಖಚಿತವಿಲ್ಲ ಎಂದು ಈ ಸೈಟ್ ಒಪ್ಪಿಕೊಳ್ಳುತ್ತದೆ. ಸುಮ್ನೆ ಕಥೆ ಕಟ್ಟುವುದಿಲ್ಲ. ಈ ಗುಣ ನನಗೆ ತುಂಬಾ ಹಿಡಿಸಿತು.

ಒಂದು ಎಚ್ಚರ. ಇಲ್ಲಿ ಪದದ ಜೊತೆ ಕೊಡುವ ಇಸವಿ, ಆ ಪದ ಇಂಗ್ಲಿಷ್ ಬರವಣಿಗೆಯಲ್ಲಿ ಸಿಕ್ಕಿರುವ ಮೊದಲ ದಾಖಲೆಯದ್ದು. ಜನರ ಬಾಯಲ್ಲಿ ಅದು ಇನ್ನೂ ಮೊದಲೇ ಇದ್ದಿರಬಹುದು. ಇನ್ನು, ಇದು ನಿಘಂಟು, ಅಧ್ಯಯನ ಕ್ಷೇತ್ರದ ಚರಿತ್ರೆ ಅಲ್ಲ. ಬೇರೆ ಬೇರೆ ಜನಸಮುದಾಯಗಳ ಸಂಗೀತದ ಅಧ್ಯಯನವನ್ನು ಡಚ್ ವಿದ್ವಾಂಸ ಯಾಪ್ ಕುನ್ಸ್ಟ್ 1950ರಲ್ಲಿ 'ಎಥ್ನೋ-ಮ್ಯೂಸಿಕಾಲಜಿ' ಅಂತ ನಡುವೆ ಗೆರೆ ಇಟ್ಟು ಬರೆದದ್ದು, ಆಮೇಲೆ ಆ ಗೆರೆ ಬಿದ್ದುಹೋದದ್ದು, ಅದಕ್ಕೂ ಮೊದಲು ಈ ವಿಷಯವನ್ನು 'ತೌಲನಿಕ ಸಂಗೀತಶಾಸ್ತ್ರ' ಅನ್ನುತ್ತಿದ್ದದ್ದು, ಇದನ್ನೆಲ್ಲ ತಿಳಿಯೋಕೆ ಬೇರೆ ಪುಸ್ತಕ ಜೊತೆಗಿರಲಿ.

ಶುರು ಮಾಡೋದಾದರೆ 'ಗ್ಯಾಮಟ್' ನೋಡಿ. ಮಧ್ಯಯುಗದ ಸ್ವರಶ್ರೇಣಿಯ ಅತಿ ಕೆಳಗಿನ ಸ್ವರ ಗಾಮಾ, ಅದಕ್ಕೆ 'ಉತ್' (ಸ್ವರಗಳನ್ನು ಹಾಡುವಾಗ ಮೊದಲನೆಯದಕ್ಕಿದ್ದ ಹೆಸರು) ಸೇರಿ ಆದ ಪದ ಅದು. ಕೆಳಗಿನ ಒಂದೇ ಸ್ವರದ ಹೆಸರು ಮೆಲ್ಲಗೆ ಇಡೀ ಶ್ರೇಣಿಗೇ ನಿಂತಿತು.