ರೀಪರ್‌ನ ರಿಯಾ-ಇಕ್ಯೂ: ಪೇಟಿ, ತಬಲಾ, ತಾಳಕ್ಕೆ ಸಾಕೇ?

ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆ ಬರುವ ರಿಯಾ-ಇಕ್ಯೂ, ಅಂದರೆ ದನಿಯಲ್ಲಿನ ಬೇಕಾದ ಫ್ರೀಕ್ವೆನ್ಸಿಗಳನ್ನು ಏರಿಸಿ ಇಳಿಸುವ ಇಕ್ವಲೈಜರ್, ನೋಡಿದರೆ ಯಾರಿಗೂ ಆಸೆ ಹುಟ್ಟಲ್ಲ. ಒಂದು ಗ್ರಾಫ್, ಅದರ ಮೇಲೆ ನಂಬರ್ ಹಾಕಿದ ಚುಕ್ಕೆಗಳು, ಪ್ರತಿ ಚುಕ್ಕೆಗೆ, ಅಂದರೆ ಬ್ಯಾಂಡಿಗೆ, ಫ್ರೀಕ್ವೆನ್ಸಿ, ಗೇನ್ (ಎಷ್ಟು ಏರಿಸಬೇಕು, ಇಳಿಸಬೇಕು), ಬ್ಯಾಂಡ್‌ವಿಡ್ತ್ (ಎಷ್ಟು ಅಗಲ). ಅಷ್ಟೇ. ಆದರೂ ಧಾರವಾಡದ ಮನೆಯ ಒಂದು ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುವ ನಾನು ವರ್ಷಗಟ್ಟಲೆ ಇದನ್ನೇ ಬಳಸುತ್ತಿದ್ದೇನೆ. ಬರೋರು ಹೆಚ್ಚಾಗಿ ಭಜನಾ ಮೇಳದವರು, ಶಿಗ್ಗಾವಿ ಕಡೆಯಿಂದ ಶರೀಫರ ತತ್ವಪದ ಹಾಡುವವರು, ಆಗಾಗ ಹಿಂದೂಸ್ತಾನಿ ಕಲಿಯುವ ಹುಡುಗರು.

ಯಾವ ವಾದ್ಯಕ್ಕೆ ಎಷ್ಟು ಹರ್ಟ್ಜ್ ಅಂತ ನೆಟ್‌ನಲ್ಲಿ ಬೇಕಾದಷ್ಟು ಚಾರ್ಟ್ ಸಿಗುತ್ತವೆ. ಎಲ್ಲಾ ಡ್ರಮ್ಸ್, ಗಿಟಾರಿನದು. ಡಗ್ಗಾ (ತಬಲಾ ಜೋಡಿಯ ಎಡಗೈ ವಾದ್ಯ), ಪೇಟಿಗೆ (ಹಾರ್ಮೋನಿಯಂ) ನಮ್ಮ ಕಿವಿಯೇ ಗತಿ.

ಪೇಟಿಯದೇ ದೊಡ್ಡ ತಕರಾರು. ಹಾಡುವವನ ಸ್ವರವನ್ನೇ ಅದೂ ನುಡಿಸುತ್ತದೆ, ಅದೇ ಪಟ್ಟಿಯಲ್ಲಿ. ಹಾಗಾಗಿ ಎರಡೂ ಒಂದರ ಮೇಲೊಂದು ಕೂತು ಪದದ ಮಾತು ತಿಳಿಯಲ್ಲ. ತತ್ವಪದದಲ್ಲಿ ಮಾತೇ ತಿಳಿಯದಿದ್ದರೆ ಏನು ಬಂತು? ಪೇಟಿ ಟ್ರ್ಯಾಕಿನಲ್ಲಿ 2ರಿಂದ 3 ಕಿಲೋಹರ್ಟ್ಜ್ ಸುತ್ತ ಅಗಲವಾಗಿ 3 ಡೆಸಿಬಲ್ ಇಳಿಸುತ್ತೇನೆ. ವ್ಯಂಜನಗಳು ಸ್ಪಷ್ಟ ಕೇಳುವುದು ಆ ಜಾಗದಲ್ಲೇ. ಪೇಟಿ ಟ್ರ್ಯಾಕ್ ಒಂದನ್ನೇ ಹಾಕಿ ಕೇಳಿಸಿದರೆ ಮಾತ್ರ ಮಾಸ್ತರು ಮುಖ ಗಂಟು ಹಾಕುತ್ತಾರೆ. "ನನ್ನ ಪೇಟಿ ದನಿ ಎಲ್ಲಿ ಹೋತ್ರಿ ಸರ?" ಅಂತ ಒಬ್ಬರು ಕೇಳಿಯೇ ಬಿಟ್ಟರು. ಈಗ ಎಲ್ಲಾ ಟ್ರ್ಯಾಕ್ ಕೂಡಿಸಿಯೇ ಕೇಳಿಸುತ್ತೇನೆ, ಯಾರೂ ತಕರಾರು ತೆಗೆದಿಲ್ಲ.

ಹೈಪಾಸ್, ಅಂದರೆ ಹೇಳಿದ ಫ್ರೀಕ್ವೆನ್ಸಿಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್, ಚೆನ್ನಾಗಿದೆ. ಫ್ಯಾನಿನ ಗುಂಯ್, ರಸ್ತೆಯ ಟಿಪ್ಪರ್ ಸದ್ದು ಎಲ್ಲಾ ಕೆಳಗೇ ಇರುತ್ತವೆ, ಗಾಯಕರ ಮೈಕಿಗೆ 80 ಹರ್ಟ್ಜ್‌ನಲ್ಲಿ ಹಾಕಿದರೆ ಅರ್ಧ ಗಲಾಟೆ ಹೋಗುತ್ತದೆ. ಆದರೆ ಇದನ್ನೇ ಕಣ್ಣುಮುಚ್ಚಿ ತಂಬೂರಿಗೂ ಹಾಕಬೇಡಿ. ಕಾಳಿ ಏಕ್ (ಪೇಟಿಯ ಮೊದಲ ಕರಿ ಮನೆ) ಗಂಡಸರ ಶ್ರುತಿಯಲ್ಲಿ ಖರ್ಜದ, ಅಂದರೆ ಕೆಳಗಿನ ಸಾ ನುಡಿಯುವ, ತಂತಿ ಸುಮಾರು 69 ಹರ್ಟ್ಜ್‌ಗೆ ಇರುತ್ತದೆ. 80ಕ್ಕೆ ಕತ್ತರಿಸಿದರೆ ಅದರ ಬುಡವೇ ಸೊರಗುತ್ತದೆ. ನಾನು 50ರ ಮೇಲೆ ಹೋಗಲ್ಲ. ಕರೆಂಟಿನ ಹಮ್ ಸಹ 50ರಲ್ಲೇ ಇರುತ್ತದಲ್ವಾ, ಅದಕ್ಕೆ ಬೇರೆ ನಾಚ್ (ಒಂದೇ ಜಾಗವನ್ನು ಕಿರಿದಾಗಿ ಕತ್ತರಿಸುವ ಫಿಲ್ಟರ್) ಹಾಕಿದರಾಯಿತು. 100, 150ರಲ್ಲೂ ಅದರ ಮರಿಗಳಿದ್ದರೆ ಇನ್ನೆರಡು ಬ್ಯಾಂಡ್ ಸೇರಿಸಿಕೊಳ್ಳಬಹುದು. ಮೊದಲು ಕೇಬಲ್, ಅರ್ಥಿಂಗ್ ನೋಡಿಕೊಳ್ಳಿ ಮಾರಾಯ್ರೆ.

ಕೆಟ್ಟ ಸದ್ದು ಹುಡುಕಲು ಒಂದು ಬ್ಯಾಂಡನ್ನು ಕಿರಿದು ಮಾಡಿ, ಮೇಲೆತ್ತಿ, ಎಡಕ್ಕೆ ಬಲಕ್ಕೆ ಓಡಿಸುವ ರೂಢಿ ಎಲ್ಲರಿಗೂ ಇದೆ. ಮಿತಿ ಇರಲಿ. 12 ಡೆಸಿಬಲ್ ಎತ್ತಿದರೆ ಯಾವ ಜಾಗವಾದರೂ ಕೆಟ್ಟದಾಗೇ ಕೇಳುತ್ತದೆ, ಆಮೇಲೆ ಕತ್ತರಿಸುತ್ತಾ ಹೋದರೆ ತಬಲಾ ರಟ್ಟಿನ ಡಬ್ಬಿ ಆಗುತ್ತದೆ.

ಇದರ ಕೈಲಾಗದ ಕೆಲಸ ತಾಳದ್ದು, ಅಂದರೆ ಭಜನೆಯಲ್ಲಿ ಬಡಿಯುವ ಲೋಹದ ಬಟ್ಟಲುಗಳದ್ದು. ಎಲ್ಲರೂ ಒಟ್ಟಿಗೆ ಕೂತು ಹಾಡುವಾಗ ತಾಳದ ಚಿಣ್ ಹಾಡುವವನ ಮೈಕಿಗೂ ನುಗ್ಗುತ್ತದೆ, ಅಲ್ಲಿ 5 ಕಿಲೋಹರ್ಟ್ಜ್ ಇಳಿಸಿದರೆ ದನಿಯ ಹೊಳಪೂ ಹೋಗುತ್ತದೆ. ತಾಳ ಬಡಿದಾಗ ಮಾತ್ರ ಇಳಿಸುವ ಡೈನಾಮಿಕ್ ಸೌಲಭ್ಯ ಇದರಲ್ಲಿಲ್ಲ, ಅದಕ್ಕೆ ರೀಪರ್‌ನದೇ ಮಲ್ಟಿಬ್ಯಾಂಡ್ ಕಂಪ್ರೆಸರ್ ಆದ ರಿಯಾ-ಎಕ್ಸ್‌ಕಾಂಪ್ ಕಡೆ ಹೋಗಬೇಕು. ತಾಳದವರನ್ನು ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕಿನ ಹಿಂಭಾಗಕ್ಕೆ ಕೂರಿಸುವುದೇ ಇದಕ್ಕಿಂತ ಒಳ್ಳೆ ಇಕ್ಯೂ.

ರೀಪರ್ 60 ದಿನ ಪುಕ್ಕಟೆ, ಆಮೇಲೆ ಸಣ್ಣ ಬಳಕೆದಾರರಿಗೆ 60 ಡಾಲರ್. ಬೇರೆ ಸಾಫ್ಟ್‌ವೇರ್ ಬಳಸುವವರು ವಿಂಡೋಸ್‌ಗೆ ರಿಯಾಪ್ಲಗ್ಸ್ ಅಂತ ಪುಕ್ಕಟೆ ಇಳಿಸಿಕೊಳ್ಳಬಹುದು, ಈ ಇಕ್ಯೂ ಅದರಲ್ಲೂ ಇದೆ.

ಒಂದು ಮಾತು, ನಮ್ಮ ಮಂದಿ ಕೇಳೋದೆಲ್ಲಾ ಮೊಬೈಲ್‌ನಲ್ಲಿ. ಆ ಸಣ್ಣ ಸ್ಪೀಕರಿನಿಂದ 100 ಹರ್ಟ್ಜ್ ಹೊರಗೇ ಬರಲ್ಲ, ಅಲ್ಲಿ ಎಷ್ಟು ಏರಿಸಿದರೂ ಡಗ್ಗಾ ಕಾಣೆ. 300-400ರ ಸುತ್ತ 2 ಡೆಸಿಬಲ್ ಎತ್ತಿ, ಫೋನಿಗೆ ಹಾಕಿಕೊಂಡು ಕೇಳಿ ನೋಡಿ, ಆಮೇಲೆ ಮೇಳದವರಿಗೆ ಕಳಿಸಿ.